ಹತ್ತು ಇಪ್ಪತ್ತಕ್ಕೆ ವಧು ಎಲ್ಲಿರಬೇಕು?

ಫೆಬ್ರವರಿ 3

ಪ್ರೀತಿಯ ಚಿಕ್ಕಮ್ಮ,

ಕ್ಷೇಮವಾಗಿ ತಲುಪಿದ್ದೇನೆ. ಸೂಟ್‌ಕೇಸಿನ ಹಿಡಿ ಮಾತ್ರ ರೈಲಿನಲ್ಲೇ ಉಳಿಯಿತು. ಫೋನಿನಲ್ಲಿ ನಾನು ಬರೀ "ಹೂಂ ಹೂಂ" ಅನ್ನುತ್ತೇನೆಂದೂ ಕಾಗದದಲ್ಲಾದರೆ ಬೈಯಲು ನಿನಗೆ ಜಾಗ ಸಿಗುತ್ತದೆಂದೂ ನೀನೇ ಹೇಳಿದ್ದರಿಂದ, ಇಗೋ, ನಿನಗೆ ಜಾಗ ಒದಗಿಸುತ್ತಿದ್ದೇನೆ.

ಮದುವೆಯಾಗಲು ಲೋಕದಲ್ಲಿ ಒಂದೇ ದಾರಿ, ಒಬ್ಬರು ಹೂಂ ಅನ್ನಬೇಕು. ಮದುವೆ ಮಾಡಿಸುವುದನ್ನು ಕಲಿಯಲು ಮಾತ್ರ ಎಷ್ಟು ದಾರಿ ಅಂತೀಯ! ಮೂರು ವರ್ಷದ ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿ ಇದೆ. ಅದರಲ್ಲಿ ಎರಡು ವರ್ಷ ಹಾಸಿಗೆಯ ಬಟ್ಟೆ ಮಡಚುವುದರಲ್ಲೇ ಹೋಗುತ್ತದಂತೆ. ಶನಿವಾರ ಭಾನುವಾರದ ನಲವತ್ತು ದಿನದ ತರಗತಿ ಇದೆ, ಪ್ರಮಾಣಪತ್ರಕ್ಕೆ ಪ್ಲಾಸ್ಟಿಕ್ ಹೊದಿಕೆ ಉಚಿತ. ಆನ್‌ಲೈನ್ ಕೋರ್ಸಿಗೆ ಸೇರಿದರೆ ವೀಡಿಯೊ ಹಾಕಿಟ್ಟು ನಿದ್ದೆ ಮಾಡಿದರೂ ಪಾಸು. ಇವೆಲ್ಲ ಬೇಡವೆಂದರೆ ಅನುಭವಸ್ಥರೊಬ್ಬರ ಕೈಕೆಳಗೆ ಸೇರಿ ಎರಡು ವರ್ಷ ಅವರ ಕೈಚೀಲ ಹೊರಬಹುದು. ಕೆಲಸ ಬರುತ್ತದೆ, ಕಾಗದ ಬರುವುದಿಲ್ಲ. ಅಪ್ಪನಿಗೆ ಕಾಗದ ಬೇಕಲ್ಲ! "ಡಿಸೆಂಬರ್ ಒಳಗೆ ಡಿಪ್ಲೊಮಾ ತಂದು ಮೇಜಿನ ಮೇಲಿಡು. ಇಲ್ಲಾಂದ್ರೆ ಬಂದು ಔಷಧಿ ಅಂಗಡೀಲಿ ಕೂತ್ಕೋ," ಎಂದು ಅವರು ಹೇಳುವಾಗ ನೀನೂ ಅಲ್ಲೇ ಇದ್ದೆ. ಹಾಗಾಗಿ ಈ ಒಂಬತ್ತು ತಿಂಗಳ ಡಿಪ್ಲೊಮಾ.

ಶಾಲೆ ಮೂರನೇ ಮಹಡಿಯಲ್ಲಿದೆ. ಕೆಳಗೆ ಹಲ್ಲಿನ ಡಾಕ್ಟರು. ನಾವು ಮೇಲೆ ಮದುವೆ ಸಂಗೀತದ ಪಾಠ ಕೇಳುತ್ತಿದ್ದರೆ ಕೆಳಗಿನಿಂದ ಕೊರೆಯುವ ಯಂತ್ರ ಶ್ರುತಿ ಹಿಡಿಯುತ್ತದೆ. ಆರು ತಿಂಗಳು ಪಾಠ, ಆಮೇಲೆ ಪ್ರಾಕ್ಟಿಕಲ್. ಒಂದು ನಿಜವಾದ ಮದುವೆಯನ್ನು ಮೊದಲ ಮಾತಿನಿಂದ ಕೊನೆಯ ಕಸ ಗುಡಿಸುವವರೆಗೆ ನಾವೇ ಮಾಡಿಸಬೇಕು. ನಿಯಮ ನಾಲ್ಕರ ಪ್ರಕಾರ ಆ ಗಿರಾಕಿ ನೆಂಟರಾಗಿರಕೂಡದು. ನೆಂಟರು ಪ್ರೀತಿಗೆ ಬಿದ್ದು ಪೂರ್ತಿ ಅಂಕ ಕೊಟ್ಟುಬಿಡುತ್ತಾರಂತೆ. ನಮ್ಮ ನೆಂಟರನ್ನು ಇವರು ನೋಡಿಲ್ಲ, ಪಾಪ.

ನಿನ್ನ
ಗಡಿಬಿಡಿ

*

ಫೆಬ್ರವರಿ 19

ಗಡಿಬಿಡಿ ಮಹಾರಾಣಿಯವರಿಗೆ ಕುರ್ಚಿ ಬಾಡಿಗೆ ಅಂಗಡಿಯಿಂದ ಆಶೀರ್ವಾದ.

ನಿನ್ನ ಕಾಗದವನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. ಕೇಳಿಸಿಕೊಳ್ಳಲು ಮೈಕ್‌ಸೆಟ್ಟಿನವರು ಮಾತ್ರ ಇದ್ದರು. ನನ್ನ ಕುರ್ಚಿ ಹೋದ ಮದುವೆಗೆಲ್ಲ ಅವರ ಮೈಕೂ ಹೋಗುವುದರಿಂದ ಸಂಜೆಯ ಚಹಾ ಇಲ್ಲೇ. "ಹುಡುಗಿ ಚುರುಕು," ಅಂದರು. ಇಡೀ ದಿನಕ್ಕೆ ಅವರು ಆಡಿದ ಮಾತು ಅದೊಂದೇ. ಊರಿಗೆಲ್ಲ ಧ್ವನಿ ಬಾಡಿಗೆಗೆ ಕೊಡುವವರ ಹತ್ತಿರ ಸ್ವಂತಕ್ಕೆ ಏನೂ ಉಳಿದಿರುವುದಿಲ್ಲ.

ಪಾಠ ಚೆನ್ನಾಗಿಯೇ ಕಲಿ. ಆದರೆ ಇಪ್ಪತ್ತೆರಡು ವರ್ಷ ಕುರ್ಚಿ ಹಾಕಿದವಳ ಪಾಠವೂ ಒಂದಿರಲಿ. ಮುನ್ನೂರು ಜನ ಬರುವ ಮದುವೆಗೆ ಇನ್ನೂರ ಹತ್ತು ಕುರ್ಚಿ ಸಾಕು. ಮಿಕ್ಕವರು "ಬೇಗ ಹೋಗ್ಬೇಕು" ಎಂದು ನಿಂತೇ ಇರುತ್ತಾರೆ, ಎಲ್ಲರಿಗಿಂತ ಕೊನೆಗೆ ಹೋಗುತ್ತಾರೆ. ಮೊದಲ ಸಾಲು ಯಾವಾಗಲೂ ಖಾಲಿ, ಏಕೆಂದರೆ ಅಲ್ಲಿ ಕೂತರೆ ಆಕಳಿಸುವಂತಿಲ್ಲ. ಇದು ನಿನ್ನ ಮೂರನೇ ಮಹಡಿಯಲ್ಲಿ ಸಿಗುವ ವಿದ್ಯೆಯಲ್ಲ.

ನಿನ್ನಮ್ಮ ಇದ್ದಿದ್ದರೆ ಇಷ್ಟುಹೊತ್ತಿಗೆ ಹಿಡಿ ಇರುವ ಸೂಟ್‌ಕೇಸು ಕಳಿಸುತ್ತಿದ್ದಳು. ಅವಳ ತಂಗಿ ಹಗ್ಗ ಕಳಿಸುತ್ತಿದ್ದಾಳೆ. ಬಿಗಿಯಾಗಿ ಕಟ್ಟಿಕೋ.

ಚಿಕ್ಕಮ್ಮ

*

ಮೇ 6

ಚಿಕ್ಕಮ್ಮ,

ಮೂರು ತಿಂಗಳು ಬರೆಯಲಿಲ್ಲ, ಒಪ್ಪಿದೆ. ಕೂತರೆ ನಿಲ್ಲಬೇಕು ಅನ್ನಿಸುತ್ತದೆ, ನಿಂತರೆ ನಡೆಯಬೇಕು ಅನ್ನಿಸುತ್ತದೆ. ಹಾಸ್ಟೆಲಿನ ಕೋಣೆಯಲ್ಲಿ ನಾಲ್ಕು ಮಂಚ ಹಾಕಿ ಉಳಿದ ಜಾಗ ಒಂಬತ್ತು ಹೆಜ್ಜೆ. ಅಳೆದದ್ದಲ್ಲ, ನಡೆದು ನಡೆದು ಬಾಯಿಪಾಠ ಆಗಿರುವುದು.

ಕಳೆದ ವಾರ ಅಣಕು ಮದುವೆ ಮಾಡಿದೆವು. ವಧುವಿಗೆ ತಲೆಸುತ್ತು ಬಂದಾಗ ಆಯೋಜಕಿ ಏನು ಮಾಡಬೇಕು ಎಂಬುದು ಪಾಠ. ವಧುವಾಗಿದ್ದವಳು ನಿಜವಾಗಿಯೂ ತಲೆಸುತ್ತಿ ಬಿದ್ದಳು. ನಾವೆಲ್ಲ "ಎಷ್ಟು ಚೆನ್ನಾಗಿ ಮಾಡ್ತಾಳೆ!" ಎಂದು ಚಪ್ಪಾಳೆ ತಟ್ಟಿದೆವು. ಕೊನೆಗೆ ಹಲ್ಲಿನ ಡಾಕ್ಟರು ಬಂದು ನೀರು ಚಿಮುಕಿಸಿದರು.

ಈಗ ವಿಷಯಕ್ಕೆ ಬರುತ್ತೇನೆ. ತರಗತಿಯ ಹದಿನಾಲ್ಕು ಜನರಲ್ಲಿ ಹದಿಮೂರು ಜನಕ್ಕೆ ಪ್ರಾಕ್ಟಿಕಲ್ ಮದುವೆ ಸಿಕ್ಕಿದೆ. ನನಗಿಲ್ಲ. ಏಳು ಮನೆಯ ಬಾಗಿಲು ತಟ್ಟಿದೆ. "ಎಷ್ಟು ಮದುವೆ ಮಾಡ್ಸಿದೀಯಮ್ಮಾ?" ಅನ್ನುತ್ತಾರೆ. "ಇದೇ ಮೊದಲು" ಅಂದರೆ, "ನಮ್ಮ ಹುಡುಗೀಗೂ ಇದೇ ಮೊದಲು, ಇಬ್ರೂ ಕಲಿಯೋರಾದ್ರೆ ಕಷ್ಟ" ಎಂದು ಬಾಗಿಲು ಹಾಕುತ್ತಾರೆ. ಜೂನ್ ಕೊನೆಯೊಳಗೆ ಸಿಗದಿದ್ದರೆ ಡಿಪ್ಲೊಮಾ ಇಲ್ಲ. ಮೊನ್ನೆ ಕನಸಿನಲ್ಲಿ ಅಪ್ಪ ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ಪ್ರೀತಿಯಿಂದ ಕರೆಯುತ್ತಿದ್ದರು.

ಗಡಿಬಿಡಿ

*

ಮೇ 17

ಗಡಿಬಿಡಿ,

ಒಬ್ಬಳು ಗಿರಾಕಿ ಇದ್ದಾಳೆ.

ಹೆಸರು ಕೇಳಬೇಡ, ಅವಳಿಗೆ ನಾಚಿಕೆ. ಮಾತೆಲ್ಲ ನನ್ನ ಮೂಲಕವೇ ಆಗಲಿ ಅನ್ನುತ್ತಾಳೆ. ವಯಸ್ಸು ಐವತ್ತಮೂರು, ಮೊದಲ ಮದುವೆ. ವರನಿಗೆ ಐವತ್ತೆಂಟು. ಅರವತ್ತು ಜನ ಬಂದಾರು. ಆಗಸ್ಟ್ 28 ಅಂದುಕೊಂಡಿದ್ದಾರೆ, ನಮ್ಮ ಬೀದಿಯ ಕೊನೆಯ ಹಾಲ್‌ನಲ್ಲಿ. ನೆಂಟಳೋ ಎಂದು ನಿನ್ನ ಶಾಲೆಯವರು ಕೇಳಿದರೆ, ಅಲ್ಲ ಎಂದೇ ಬರೆ.

ಇಲ್ಲಿ ಎಲ್ಲ ಮಾಮೂಲು. ಗೋಡೌನಿನಲ್ಲಿ ಕುರ್ಚಿಗಳನ್ನು ಗೋಡೆಯ ಆ ಕಡೆಯಿಂದ ಈ ಕಡೆಗೆ ಜೋಡಿಸಿದೆ. ಮತ್ತೆ ಆ ಕಡೆಗೇ ಜೋಡಿಸಿದೆ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಹಾಗೆ.

ಚಿಕ್ಕಮ್ಮ

*

ಮೇ 22

ನನ್ನ ಬಂಗಾರದ ಚಿಕ್ಕಮ್ಮ,

ಕಾಗದ ಓದಿ ಮಂಚದ ಮೇಲೆ ಕುಣಿದೆ. ಮಂಚದ ಒಂದು ಕಾಲು ಹೋಯಿತು, ಚಿಂತೆಯಿಲ್ಲ. ನೀನು ದೇವತೆ!

ಐವತ್ತಮೂರಾ? ಪಾಪ. ಆದರೆ ಹೆದರಬೇಡ, ನಮ್ಮ ಪುಸ್ತಕದಲ್ಲಿ ಇಂಥವರಿಗೆಂದೇ ಒಂದು ಅಧ್ಯಾಯವಿದೆ: "ತಡವಾದ ವಧು." ಇಂಥವರಿಗೆ ಆಡಂಬರ ಬೇಡವಂತೆ. ತೆಳು ಬಣ್ಣ, ಚಿಕ್ಕ ಕಾರ್ಯಕ್ರಮ. ಎಲ್ಲರ ಮುಂದೆ ನಡೆದು ಬರುವುದು ಮುಜುಗರವಾದ್ದರಿಂದ ಮೊದಲೇ ತಂದು ಕೂರಿಸಿಬಿಡುವುದು ಕ್ಷೇಮ. ಮಂಡಿನೋವಿಗೆ ಎತ್ತರದ ಕುರ್ಚಿ. ಕುರ್ಚಿ ಹೇಗೂ ನಿನ್ನದೇ!

ಅರವತ್ತನಾಲ್ಕು ಪ್ರಶ್ನೆಗಳ ಪಟ್ಟಿ ಕಳಿಸಿದ್ದೇನೆ. ತಾಳ್ಮೆಯಿಂದ ಕೂರಿಸಿಕೊಂಡು ಉತ್ತರ ಬರೆಸು. ವಯಸ್ಸಾದವರು ಮಧ್ಯೆ ಹಳೆಯ ಕತೆ ತೆಗೆಯುತ್ತಾರೆ, ಬಿಡಬೇಡ.

ಕುಣಿಯುತ್ತಾ,
ಗಡಿಬಿಡಿ

*

ಜೂನ್ 20

ಗಡಿಬಿಡಿ,

ತಡವಾಯಿತು. ನಿನ್ನ ಪ್ರಶ್ನೆಪಟ್ಟಿ ಓದಿದ ಮೇಲೆ ಗಿರಾಕಿ ಎರಡು ವಾರ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಅವಳು ಕೊಟ್ಟ ಉತ್ತರಗಳನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಪ್ರಶ್ನೆ 3, ವರನ ಉದ್ಯೋಗ: ಧ್ವನಿಗೆ ಸಂಬಂಧಪಟ್ಟದ್ದು.

ಪ್ರಶ್ನೆ 7, ಚಿಕ್ಕವಳಿದ್ದಾಗ ಮದುವೆಯ ಬಗ್ಗೆ ಕಂಡ ಕನಸು: ನಾಲ್ಕು ಸಾಲು ಬರೆದು ಹೊಡೆದು ಹಾಕಿದ್ದಾಳೆ. ಓದಲಾಗಲಿಲ್ಲ.

ಪ್ರಶ್ನೆ 19, ಮಂಡಿನೋವು ಇದೆಯೇ: ಇಲ್ಲ. ದಿನಕ್ಕೆ ಇನ್ನೂರು ಕುರ್ಚಿ ಎತ್ತಿಡುವಷ್ಟು ಗಟ್ಟಿ ಇದೆ.

ಪ್ರಶ್ನೆ 31, ಬಣ್ಣ: ಕೆಂಪು.

ಪ್ರಶ್ನೆ 40, ಇಷ್ಟು ತಡವಾಗಿ ಮದುವೆಯಾಗಲು ಕಾರಣ: ನಿನ್ನ ಶಾಲೆಗೆ ಅದನ್ನು ಕಟ್ಟಿಕೊಂಡು ಏನಾಗಬೇಕಂತೆ?

ಪ್ರಶ್ನೆ 41ರಿಂದ 64: ಪಟ್ಟಿಯನ್ನು ಮಡಚಿ, ಕುಂಟುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟಳು. ಈಗ ಮೇಜು ಕುಂಟುತ್ತಿಲ್ಲ.

ಚಿಕ್ಕಮ್ಮ

*

ಜುಲೈ 1

ಚಿಕ್ಕಮ್ಮ,

ನಿನ್ನ ಗಿರಾಕಿ ಸ್ವಲ್ಪ ಸಿಡುಕಿ ಎಂದು ತೋರುತ್ತದೆ. ಪುಸ್ತಕದಲ್ಲಿ ಅದಕ್ಕೂ ಅಧ್ಯಾಯವಿದೆ. "ಧ್ವನಿಗೆ ಸಂಬಂಧಪಟ್ಟದ್ದು" ಅಂದರೆ ವರ ರಾಜಕಾರಣಿಯೇ? ಹಾಗಿದ್ದರೆ ಈಗಲೇ ಹೇಳು, ಭಾಷಣಕ್ಕೆ ನಲವತ್ತು ನಿಮಿಷ ಹೆಚ್ಚಿಗೆ ಇಡಬೇಕಾಗುತ್ತದೆ. ಕೆಂಪು ಬೇಡ ಎಂದು ನಯವಾಗಿ ತಿಳಿಸು. ತಿಳಿ ನೇರಳೆ ಇಟ್ಟಿದ್ದೇನೆ.

ಸಮಯಪಟ್ಟಿ ಸಿದ್ಧವಾಗಿದೆ! ಹದಿನೇಳು ಪುಟ, ಇದರ ಜೊತೆಗೇ ಇಟ್ಟಿದ್ದೇನೆ. ನಿಮಿಷ ನಿಮಿಷಕ್ಕೂ ಯಾರು ಎಲ್ಲಿರಬೇಕು, ಕೈಯಲ್ಲಿ ಏನಿರಬೇಕು ಎಲ್ಲ ಬರೆದಿದ್ದೇನೆ. ನಮ್ಮ ಮೇಡಂ ನೋಡಿ, "ಇಷ್ಟು ಬಿಗಿ ಪಟ್ಟೀನ ಇದುವರೆಗೆ ಯಾರೂ ಮಾಡಿಲ್ಲ," ಅಂದರು. ತಡವಾದ ಪ್ರತಿ ನಿಮಿಷಕ್ಕೂ ಒಂದು ಅಂಕ ಕಳೆಯುತ್ತಾರೆ, ಅದಕ್ಕೇ ಇಷ್ಟು ಎಚ್ಚರ.

ನಿನ್ನನ್ನೂ ಮೈಕ್‌ಸೆಟ್ಟಿನವರನ್ನೂ ನೆಚ್ಚಿಕೊಂಡೇ ಎಲ್ಲ ಬರೆದಿರುವುದು. ನೀವಿಬ್ಬರೂ ಇದ್ದಲ್ಲಿಂದ ಒಂದು ಹೆಜ್ಜೆ ಅಲುಗಾಡಿದರೂ ಇಡೀ ಮದುವೆ ಮುಗ್ಗರಿಸುತ್ತದೆ. ನೆನಪಿರಲಿ.

ಗಡಿಬಿಡಿ

*

ಜುಲೈ 9

ಗಿರಾಕಿ ಮದುವೆಯೇ ಬೇಡ ಅನ್ನುತ್ತಿದ್ದಾಳೆ. ಬೇರೆ ಗಿರಾಕಿ ಹುಡುಕಿಕೊಳ್ಳಲು ನಿನಗೆ ಸಮಯ ಇದೆಯೇ, ತಿಳಿಸು.

ಚಿಕ್ಕಮ್ಮ

*

ಜುಲೈ 13

ಚಿಕ್ಕಮ್ಮ!

ಸಮಯ ಎಲ್ಲಿದೆ? ಫಾರಂ ಕೊಟ್ಟಾಗಿದೆ! ಈಗ ಇವಳು ಕೈಕೊಟ್ಟರೆ ನಾನು ಜೀವನಪೂರ್ತಿ "ಊಟಕ್ಕೆ ಮುಂಚೆ ಒಂದು, ಊಟ ಆದ್ಮೇಲೆ ಒಂದು" ಎಂದು ಮಾತ್ರೆ ಕತ್ತರಿಸುತ್ತಾ ಕೂರಬೇಕು. ಈ ವಯಸ್ಸಿನಲ್ಲಿ ಒಬ್ಬರು ಸಿಕ್ಕಿದ್ದಾರಲ್ಲ, ಸುಮ್ಮನೆ ಆಗಬಾರದಾ? ಮುನಿಸು ಏತಕ್ಕೆ? ಹಿಡಿದು ಕೂರಿಸು, ಬುದ್ಧಿ ಹೇಳು. ಬೇಕಾದರೆ ಬಾಗಿಲಿಗೆ ಬೀಗ ಹಾಕು!

(ಸಂಜೆ ಬರೆಯುತ್ತಿರುವುದು.) ಮೇಲಿನದನ್ನು ಹರಿದು ಹಾಕಬೇಕೆಂದಿದ್ದೆ, ಇರಲಿ, ನಾನು ಎಂಥವಳೆಂದು ನಿನಗೆ ಗೊತ್ತೇ ಇದೆ. ಒಂಬತ್ತು ಹೆಜ್ಜೆಯ ಜಾಗದಲ್ಲಿ ಮಧ್ಯಾಹ್ನವೆಲ್ಲ ನಡೆದೆ. ಅರವತ್ತನಾಲ್ಕು ಪ್ರಶ್ನೆ ಕೇಳಿದ್ದೇನಲ್ಲ, ಒಂದನ್ನು ಕೇಳಲೇ ಇಲ್ಲ ಅನ್ನಿಸಿತು. ಅವಳಿಗೆ ಭಯ ಇರುವುದು ಯಾವುದರದ್ದು? ಇದು ಪಟ್ಟಿಗಲ್ಲ, ಅಂಕಕ್ಕೂ ಅಲ್ಲ. ಕೇಳಿ ಹೇಳುತ್ತೀಯಾ?

ಗಡಿಬಿಡಿ

*

ಜುಲೈ 21

ಮಗಳೇ,

ಕೇಳಿದೆ. ಹೇಳಿದಳು.

ಮೊದಲು ನಿನ್ನ ಹದಿನೇಳು ಪುಟದ ವಿಚಾರ. ಒಂಬತ್ತನೇ ಪುಟ ತೆಗೆ. "10:20: ವಧು ಪಕ್ಕದ ಬಾಗಿಲಿನಿಂದ ಬಂದು ಎತ್ತರದ ಕುರ್ಚಿಯಲ್ಲಿ ಕೂರುವುದು. 10:20: ಚಿಕ್ಕಮ್ಮ ಹಿಂದಿನ ಬಾಗಿಲಲ್ಲಿ ನಿಂತು ಖಾಲಿ ಕುರ್ಚಿ ಎಣಿಸುವುದು." ಅದರ ಕೆಳಗೇ ಇನ್ನೆರಡು ಸಾಲು: "10:21: ವರ ವೇದಿಕೆಗೆ ಬರುವುದು. 10:21: ಮೈಕ್‌ಸೆಟ್ಟಿನವರು ವೇದಿಕೆಯ ಹಿಂದಿನಿಂದ ಹಾಡು ಹಾಕುವುದು."

ಇದನ್ನು ನಾವಿಬ್ಬರೂ ಅಂಗಡಿಯಲ್ಲಿ ಕೂತು ಓದಿದೆವು. ಮೈಕ್‌ಸೆಟ್ಟಿನವರು ಆ ನಾಲ್ಕು ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದರು. ಆಮೇಲೆ, "ನಾನು ಹೇಗಾದ್ರೂ ಓಡಿ ಹೋಗಿ ಹಾಡು ಹಾಕಿ ಬಂದೇನು. ನೀವು ಎರಡು ಕಡೆ ಹೇಗಿರ್ತೀರಿ?" ಅಂದರು.

ಈಗಲಾದರೂ ತಿಳಿಯಿತೇ, ಚುರುಕು ಹುಡುಗಿ?

ಹನ್ನೊಂದು ವರ್ಷದಿಂದ ಆ ಮನುಷ್ಯ ಇಲ್ಲಿ ಚಹಾ ಕುಡಿಯುತ್ತಿದ್ದಾರೆ. ಕುಡಿದ ಲೋಟ ತಾವೇ ತೊಳೆದಿಡುತ್ತಾರೆ. ಏಪ್ರಿಲ್‌ನಲ್ಲಿ ಒಂದು ದಿನ ತೊಳೆದ ಲೋಟ ಕೈಯಲ್ಲೇ ಹಿಡಿದುಕೊಂಡು, "ಇಬ್ಬರೂ ಊರ ಮದುವೆಗೆಲ್ಲ ಹೋದ್ವಿ, ನಮ್ದೊಂದಕ್ಕೆ ಹೋಗ್ಲಿಲ್ಲ," ಅಂದರು. ನಾನು, "ಅದಕ್ಕೇನೀಗ," ಅಂದೆ. ಅವರು ಅದನ್ನೇ ಹೂಂ ಎಂದು ತಿಳಿದರು. ನಾನೂ ತಿದ್ದಲಿಲ್ಲ.

ನಿನಗೆ ಮೊದಲೇ ಹೇಳಬೇಕೆಂದೇ ಇದ್ದೆ. ಅಷ್ಟರಲ್ಲಿ ಗಿರಾಕಿ ಸಿಗಲಿಲ್ಲ ಎಂದು ನೀನು ಬರೆದೆ. ನೆಂಟರಾದರೆ ಆಗದು ಎಂಬ ನಿಯಮ ನೆನಪಿತ್ತು. ಹೊರಗಿನವಳಾಗಿಬಿಡೋಣ, ಹುಡುಗಿಗೂ ಒಂದು ಮದುವೆ ಸಿಕ್ಕ ಹಾಗಾಗುತ್ತದೆ, ನನಗೂ ನಾಚಿಕೆ ತಪ್ಪುತ್ತದೆ ಅಂದುಕೊಂಡೆ. ಹೊರಗಿನವರ ಬಗ್ಗೆ ನೀನು ಹೇಗೆ ಬರೆಯುತ್ತೀಯ ಎನ್ನುವುದು ಗೊತ್ತಿರಲಿಲ್ಲ. ಪಾಪ ಅಂದೆ. ಸಿಡುಕಿ ಅಂದೆ. ಬೀಗ ಹಾಕು ಅಂದೆ. ಬೀಗ ನನ್ನ ಹತ್ತಿರವೇ ಇದೆ, ಒಳಗಿನಿಂದ ಹೇಗೆ ಹಾಕುವುದೋ ತಿಳಿಯಲಿಲ್ಲ.

ಇನ್ನು ಭಯದ ಮಾತು. ಇಪ್ಪತ್ತೆರಡು ವರ್ಷ ಸಾಲು ಸಾಲು ಕುರ್ಚಿ ಹಾಕಿದ್ದೇನೆ. ವಧು ಬರುವಾಗ ಎಲ್ಲರೂ ಕತ್ತು ತಿರುಗಿಸುತ್ತಾರಲ್ಲ, ಆಗ ನಾನು ಯಾವಾಗಲೂ ಅವರ ಬೆನ್ನ ಹಿಂದೆ. ಆ ಮುಖಗಳನ್ನು ಎದುರಿನಿಂದ ನಾನು ನೋಡಿಯೇ ಇಲ್ಲ. ಅರವತ್ತು ಮುಖ ಒಟ್ಟಿಗೆ ತಿರುಗಿ, ಅದರಲ್ಲಿ ಒಂದಾದರೂ "ಈ ವಯಸ್ಸಿನಲ್ಲಿ ಇವಳಿಗೇನು ಬಂತು?" ಅಂದರೆ ನನ್ನ ಕಾಲು ಮುಂದೆ ಬಾರದು. ನಿನ್ನ ಕಾಗದಗಳು ಬಂದ ಮೇಲೆ ಆ ಒಂದು ಮುಖ ನಿನ್ನದೇ ಆಗಿಬಿಟ್ಟಿತು. ಅದಕ್ಕೇ ಬೇಡ ಅಂದದ್ದು.

ಬೇಡವೆಂದು ಅವರಿಗೆ ಇನ್ನೂ ಹೇಳಿಲ್ಲ. ನಿನ್ನ ಡಿಪ್ಲೊಮಾಕ್ಕೆ ಬೇಕೇಬೇಕಿದ್ದರೆ ಕಣ್ಣು ಮುಚ್ಚಿಕೊಂಡು ನಡೆದು ಬರುತ್ತೇನೆ. ಫಾರಂನಲ್ಲಿ ಹೊರಗಿನವಳು ಎಂದೇ ಇರಲಿ. ನಿನ್ನ ಶಾಲೆಗೆ ಚಾಡಿ ಹೇಳಲು ಇಲ್ಲಿಂದ ಯಾರು ಹೋಗುತ್ತಾರೆ?

ಚಿಕ್ಕಮ್ಮ

*

ಜುಲೈ 25

ಚಿಕ್ಕಮ್ಮ,

ಕೆಂಪು. ಅಚ್ಚ ಕೆಂಪು. ಮುಂದಿನ ದೊಡ್ಡ ಬಾಗಿಲಿನಿಂದ. ಕುರ್ಚಿ ನಾನು ಎಣಿಸುತ್ತೇನೆ.

ಇನ್ನೇನು ಬರೆಯಲೂ ಮುಖವಿಲ್ಲ. ಇರುವ ಮುಖವನ್ನೇ ಹೊತ್ತು ಹತ್ತನೇ ತಾರೀಖಿನ ರೈಲಿಗೆ ಬರುತ್ತಿದ್ದೇನೆ. ಬಾರಿಸಬೇಕೆನ್ನಿಸಿದರೆ ಸ್ಟೇಷನ್ನಿನಲ್ಲೇ ಬಾರಿಸು. ಬೇಡ ಅಂತ ಮಾತ್ರ ಅವರಿಗೆ ಹೇಳಬೇಡ.

ಗ.

*

ಸೆಪ್ಟೆಂಬರ್ 6

ಚಿಕ್ಕಮ್ಮ,

ಹಾಸ್ಟೆಲ್ ತಲುಪಿದೆ. ಮಂಚಕ್ಕೆ ಹೊಸ ಕಾಲು ಬಂದಿದೆ. ಶಾಲೆಗೆ ಕೊಟ್ಟ ವರದಿಯಲ್ಲಿ ಮುಖ್ಯ ಭಾಗವನ್ನು ನಕಲು ಮಾಡಿ ಕಳಿಸುತ್ತಿದ್ದೇನೆ. ಅಂದು ಬಾಗಿಲಿನ ಈ ಕಡೆ ಇದ್ದವಳು ನೀನು, ಆ ಕಡೆ ಏನಾಯಿತೆಂದು ನಿನಗೆ ಪೂರ್ತಿ ತಿಳಿದಿರಲಾರದು.

"ಕಾರ್ಯಕ್ರಮದ ವಿಳಂಬ: ಇಪ್ಪತ್ತಾರು ನಿಮಿಷ.

ಕಾರಣ: 10:20ಕ್ಕೆ ವಧು ಸಿದ್ಧರಿದ್ದರು. 10:21ಕ್ಕೆ ಬಾಗಿಲ ಬಳಿಯ ಸಣ್ಣ ಕೋಣೆಗೆ ಹಿಂತಿರುಗಿ, ಒಂದು ಮಡಚುವ ಕುರ್ಚಿ ಬಿಚ್ಚಿ ಕುಳಿತರು. 'ಆಗಲ್ಲ ಕಣೇ,' ಎಂದರು.

ಆಯೋಜಕಿ ಕೈಗೊಂಡ ಕ್ರಮ: ಇನ್ನೊಂದು ಕುರ್ಚಿ ಬಿಚ್ಚಿ ಪಕ್ಕದಲ್ಲಿ ಕುಳಿತೆನು. ಪುಸ್ತಕದಲ್ಲಿ ಹೇಳಿದ ಮೂರು ಧೈರ್ಯದ ಮಾತುಗಳು ನೆನಪಿಗೆ ಬಂದವು. ಒಂದನ್ನೂ ಹೇಳಲಿಲ್ಲ. ಗಡಿಯಾರವನ್ನು ಚೀಲಕ್ಕೆ ಹಾಕಿದೆನು. ವಧು ಅತ್ತರು. ಮೂಗು ಒರೆಸಲು ಬೇರೇನೂ ಸಿಗದ ಕಾರಣ ಸಮಯಪಟ್ಟಿಯ ಒಂಬತ್ತನೇ ಪುಟವನ್ನು ಒದಗಿಸಲಾಯಿತು.

ಅತಿಥಿಗಳ ನಿರ್ವಹಣೆ: ವರರು ಸ್ವತಃ ಮೈಕ್ ಹಿಡಿದು, 'ಹಲೋ. ಸ್ವಲ್ಪ ತಡ ಆಗುತ್ತೆ. ನಂಗೇನೂ ಅವಸರ ಇಲ್ಲ, ಹನ್ನೊಂದು ವರ್ಷ ಕಾದಿದೀನಿ. ನಿಮಗೆ ಅವಸರ ಇದ್ರೆ ಕೂತ್ಕೊಂಡು ಅವಸರ ಮಾಡಿ,' ಎಂದು ಪ್ರಕಟಿಸಿದರು. ಇದು ಸಣ್ಣ ಕೋಣೆಯ ಸ್ಪೀಕರಿನಲ್ಲೂ ಕೇಳಿಬಂತು. ವಧು ನಕ್ಕರು. 10:46ಕ್ಕೆ ಎದ್ದು, ತಾವು ಕೂತಿದ್ದ ಕುರ್ಚಿಯನ್ನು ತಾವೇ ಮಡಚಿಟ್ಟು, ಮುಂದಿನ ಬಾಗಿಲಿನಿಂದ ನಡೆದು ಹೋದರು. ಅರವತ್ತು ಮುಖಗಳು ತಿರುಗಿದವು. ಆಯೋಜಕಿ ಹಿಂದಿನ ಬಾಗಿಲಿಗೆ ಹೋಗಿ ಕುರ್ಚಿ ಎಣಿಸಬೇಕಿತ್ತು, ಎಣಿಸಲಿಲ್ಲ. ಮೊದಲ ಸಾಲಿಗೆ ಓಡಿ ಅರವತ್ತೊಂದನೆಯ ಮುಖವಾಗಿ ನಿಂತೆನು.

ಗಿರಾಕಿಗೂ ಆಯೋಜಕಿಗೂ ಇರುವ ಸಂಬಂಧ: ಚಿಕ್ಕಮ್ಮ."

ಬೈಯಬೇಡ. ಆ ಕೊನೆಯ ಸಾಲಿನಲ್ಲಿ "ಇಲ್ಲ" ಎಂದು ಬರೆಯಲು ಪೆನ್ನು ಇಟ್ಟಿದ್ದೆ. ಮೇ ತಿಂಗಳಿಂದ ಜುಲೈವರೆಗೆ ನಿನ್ನನ್ನು ಹೊರಗಿನವಳು ಮಾಡಿ ನೋಡಿದ್ದಾಗಿದೆ, ಇನ್ನೊಂದು ಸಲ ನನ್ನಿಂದಾಗದು.

ಮೇಡಂ ವರದಿಯನ್ನು ಎರಡು ಸಲ ಓದಿದರು. "ಇಪ್ಪತ್ತಾರು ನಿಮಿಷಕ್ಕೆ ಇಪ್ಪತ್ತಾರು ಅಂಕ ಹೋದ್ರೂ ನೀನು ಪಾಸಾಗ್ತಿದ್ದೆ," ಅಂದರು. ಆಮೇಲೆ ಕೆಂಪು ಪೆನ್ನಿನಲ್ಲಿ "ನಿಯಮ ನಾಲ್ಕು" ಎಂದು ಬರೆದು ಇಡೀ ವರದಿಗೆ ಅಡ್ಡಗೆರೆ ಎಳೆದರು. ಪ್ರಾಕ್ಟಿಕಲ್ ರದ್ದು. ಮುಂದಿನ ತಂಡದ ಜೊತೆ ಮತ್ತೆ ಆರು ತಿಂಗಳು ಕೂತು ಇನ್ನೊಂದು ಮದುವೆ ಮಾಡಿಸಬಹುದು. ಅಂದರೆ ಡಿಸೆಂಬರ್‌ಗೆ ಕಾಗದವಿಲ್ಲ. ಅಪ್ಪನಿಗೆ ನಾನೇ ಎಲ್ಲ ಬರೆದು ಆರು ತಿಂಗಳು ಕೇಳಿದ್ದೇನೆ. ಉತ್ತರ ಬಂದಿಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಎದ್ದು ನಿಲ್ಲುತ್ತೇನೆ, ಹೋದರೆ ಕೂರುತ್ತೇನೆ.

ಗಡಿಬಿಡಿ

*

ಸೆಪ್ಟೆಂಬರ್ 15

ಮಗಳೇ,

ನಿನ್ನನ್ನು ಬೈಯಲು ನಾಲ್ಕು ಹಾಳೆ ತೆಗೆದಿಟ್ಟುಕೊಂಡಿದ್ದೆ. ಎರಡು ಸಾಲು ಬರೆಯುವಷ್ಟರಲ್ಲಿ ಅಕ್ಷರ ಕಾಣದ ಹಾಗಾಯಿತು. "ಕನ್ನಡಕ ಬದಲಾಯಿಸ್ಬೇಕು ನೀವು," ಎಂದು ನಮ್ಮನೆಯವರು ಹೇಳಿದರು. ಎಷ್ಟು ತಿಳಿವಳಿಕೆಯ ಮನುಷ್ಯ ನೋಡು. ಇನ್ನೂ ನೀವು ಎಂದೇ ಕರೆಯುತ್ತಾರೆ, ನಾನೂ ಬಿಡಿಸಲು ಹೋಗಿಲ್ಲ.

ನಿನ್ನೆ ಭಾವ ಅಂಗಡಿಗೆ ಬಂದಿದ್ದರು. ನಿನ್ನ ಕಾಗದ ಅವರ ಜೇಬಿನಲ್ಲಿತ್ತು, ಮಡಿಕೆ ಹರಿಯುವಷ್ಟು ಸಲ ಬಿಚ್ಚಿದ್ದರು. ಕೂರಲಿಲ್ಲ. ಕುರ್ಚಿ ಅಂಗಡಿಗೆ ಬಂದು ಕೂರದೆ ನಿಂತರೆ ನನಗೆ ಮೈಯೆಲ್ಲ ಉರಿಯುತ್ತದೆ.

"ಇವ್ಳು ಒಂದು ಸುಳ್ಳು ಬರೆದಿದ್ರೆ ಆಗ್ತಿತ್ತಂತೆ?"

"ಹೂಂ, ಭಾವ."

"ಬರೀಲಿಲ್ಲ."

"ಬರೀಲಿಲ್ಲ."

"ಅವರಮ್ಮನೂ ಹಿಂಗೇ. ನಯಾಪೈಸೆ ಲಾಭ ಇಲ್ಲದ ನಿಜ ಹೇಳೋಳು." ಸ್ವಲ್ಪ ಹೊತ್ತು ಬೀದಿ ನೋಡಿದರು. "ಆರು ತಿಂಗ್ಳಾ?"

"ಆರೇ."

"ಔಷಧಿ ಅಂಗಡಿ ಎಲ್ಲೂ ಓಡಿಹೋಗಲ್ಲ ಅಂತ ಹೇಳು."

ಇದು ಒಪ್ಪಿಗೆಯೋ ಬೆದರಿಕೆಯೋ ನಾವಿಬ್ಬರೂ ರಾತ್ರಿ ಊಟದವರೆಗೆ ಚರ್ಚೆ ಮಾಡಿದೆವು. ನಮ್ಮನೆಯವರ ಪ್ರಕಾರ ಒಪ್ಪಿಗೆ. ನನ್ನ ಪ್ರಕಾರವೂ ಅದೇ. ಆದರೆ ಇಬ್ಬರೂ ಒಂದೇ ಮಾತು ಹೇಳಿದರೆ ಚರ್ಚೆ ಬೇಗ ಮುಗಿಯುತ್ತದೆಂದು ಬೆದರಿಕೆಯ ಪರವಾಗಿ ನಾನು ವಾದಿಸಿದೆ. ನೀನು ಒಪ್ಪಿಗೆ ಎಂದೇ ತಿಳಿದು ಸೋಮವಾರ ಹೋಗಿ ಹೆಸರು ಬರೆಸು. ಬೇಗ ಮಾಡು, ಅವರ ಮನಸ್ಸು ಮಾತ್ರೆಯ ಹಾಗೆ, ಅವಧಿ ಮುಗಿದರೆ ಕೆಲಸ ಮಾಡುವುದಿಲ್ಲ.

ಇನ್ನೊಂದು ವಿಷಯ. ನಿನ್ನ ಶಾಲೆಯಿಂದ ಗಿರಾಕಿಯ ಅಭಿಪ್ರಾಯ ಕೇಳಿ ಒಂದು ಫಾರಂ ಬಂದಿತ್ತು. ನಿನ್ನ ವರದಿಗೆ ಅಡ್ಡಗೆರೆ ಬೀಳುವ ಮೊದಲೇ ಅಂಚೆಗೆ ಹಾಕಿರಬೇಕು. ಈಗ ಅದು ಅವರಿಗೆ ಬೇಡವಿರಬಹುದು, ಆದರೂ ತುಂಬಿ ಕಳಿಸಿದ್ದೇನೆ. ಅಲಂಕಾರ ಹೇಗಿತ್ತು, ಸಮಯಪಾಲನೆ ಹೇಗಿತ್ತು ಎಂದೆಲ್ಲ ಕೇಳಿದ್ದರು. ಕೊನೆಯ ಪ್ರಶ್ನೆ: "ಈ ಆಯೋಜಕರನ್ನು ಮತ್ತೊಮ್ಮೆ ಕರೆಸುವಿರಾ? ಹೌದು/ಇಲ್ಲ. ಇಲ್ಲವಾದಲ್ಲಿ ಕಾರಣ ಬರೆಯಿರಿ."

ಬಹಳ ಯೋಚಿಸಿ "ಇಲ್ಲ" ಎಂದು ಗುರುತು ಹಾಕಿದೆ. ಕಾರಣದ ಜಾಗದಲ್ಲಿ ಹೀಗೆ ಬರೆದೆ: "ಮತ್ತೆ ಬೇಕಾಗದ ಹಾಗೆ ಮಾಡಿಸಿಕೊಟ್ಟಿದ್ದಾಳೆ."

ಚಿಕ್ಕಮ್ಮ